ಬೆಂಗಳೂರೋ, ಮುಂಬೈಯೋ, ಚೆನ್ನೈಯೋ: ಊರು ಬಿಟ್ಟು ಹೊರಡುವ ಗೇ ಹುಡುಗರಿಗೆ ಒಂದು ಹೋಲಿಕೆ

ಕೊಪ್ಪ, ಕುಂದಾಪುರ, ಸಿಂದಗಿಯಂಥ ಊರುಗಳಿಂದ ಹೊರಡುವವರು ಮೊದಲು ಕೇಳುವುದು ‘ನಮ್ಮಂಥವರಿಗೆ ಯಾವ ಸಿಟಿ ಒಳ್ಳೇದು?’ ಎಂದು. ಪ್ರೈಡ್ ಮೆರವಣಿಗೆಯ ಫೋಟೋ ನೋಡಿ ಇದಕ್ಕೆ ಉತ್ತರ ಹುಡುಕಬೇಡಿ. ಮೆರವಣಿಗೆ ವರ್ಷಕ್ಕೆ ಒಂದು ದಿನ. ಮನೆ ಓನರ್ ಮಾತ್ರ ವರ್ಷವಿಡೀ ಕೆಳಗಿನ ಮನೆಯಲ್ಲೇ ಇರುತ್ತಾರೆ.

ಊರನ್ನು ಅಳೆಯಬೇಕಾದ್ದು ಬೇರೆ ಮೂರು ಅಳತೆಗಳಿಂದ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ನಿಮ್ಮ ಸಂಬಳಕ್ಕೆ ಸಿಗುತ್ತದೆಯೇ? ನಿಮ್ಮನ್ನು ಗುರುತಿಸಿ ಮನೆಗೆ ಫೋನು ಮಾಡಬಲ್ಲವರು ಅಲ್ಲಿ ಎಷ್ಟು ಜನ? ಮನಸ್ಸಿನಲ್ಲಿರುವುದನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳುತ್ತೀರಿ? ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ಊರು ಎಷ್ಟೇ ಉದಾರವಾಗಿದ್ದರೂ ನಾಲ್ಕು ಜನ ಹಂಚಿಕೊಂಡ ಪಿಜಿ ಕೋಣೆಯಲ್ಲಿ ಆ ಉದಾರತನ ನಿಮ್ಮ ಮಂಚದವರೆಗೆ ಬರುವುದಿಲ್ಲ.

ಎಲ್ಲ ಊರಿಗೂ ಒಂದೇ ಆಗಿರುವುದು

ಕಾನೂನಿನ ಮುಖ್ಯ ಭಾಗ ದೇಶಕ್ಕೆಲ್ಲ ಒಂದೇ, ಆದ್ದರಿಂದ ಅದನ್ನು ಹೋಲಿಕೆಯಿಂದ ಹೊರಗಿಡಬಹುದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ಸೆಕ್ಷನ್ 377ರಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರತಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ. ಮದುವೆಯ ಹಕ್ಕನ್ನು ಅದೇ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ. ಹಾಗಾಗಿ ಯಾವ ಊರಿಗೆ ಹೋದರೂ ಕಾನೂನಿನ ಕಣ್ಣಿಗೆ ನಿಮ್ಮ ಸಂಗಾತಿ ‘ಹೊರಗಿನವರು’. ಅವರನ್ನು ನಿಮ್ಮವರೆಂದು ತೋರಿಸುವುದು ನೀವು ಮಾಡಿಟ್ಟುಕೊಂಡ ಕಾಗದಪತ್ರ ಮಾತ್ರ.

ಊರಿಂದ ಊರಿಗೆ ನಿಜವಾಗಿ ಬೇರೆಯಾಗುವುದು ಬಾಡಿಗೆಯ ಪದ್ಧತಿ, ಪೊಲೀಸರ ನಡವಳಿಕೆ, ಮತ್ತು ಬೆನ್ನಿಗೆ ನಿಲ್ಲುವ ಸಂಘಗಳು.

ಬೆಂಗಳೂರು: ಮುಂಗಡ ದೊಡ್ಡದು, ಆಮೇಲೆ ಉಸಿರಾಡಬಹುದು

ಕನ್ನಡದವರಿಗೆ ಬೆಂಗಳೂರೇ ಸಹಜ ಆಯ್ಕೆ. ಬಹುಪಾಲು ಜನರಿಗೆ ಸರಿಯಾದ ಆಯ್ಕೆಯೂ ಹೌದು. ಅಡ್ಡಿ ಬರುವುದು ಅಡ್ವಾನ್ಸಿನಲ್ಲಿ. ಇಲ್ಲಿ ಐದರಿಂದ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ವಾಡಿಕೆ. ಒಂದು ಲೆಕ್ಕ ಹಾಕೋಣ. ಬಾಡಿಗೆ 15,000 ಎಂದಿಟ್ಟುಕೊಳ್ಳಿ. ಆರು ತಿಂಗಳ ಅಡ್ವಾನ್ಸ್ 90,000, ಬ್ರೋಕರ್‌ಗೆ 15,000, ಮೊದಲ ತಿಂಗಳ ಬಾಡಿಗೆ 15,000, ಹಾಸಿಗೆ ಪಾತ್ರೆ ಗ್ಯಾಸ್ ಸ್ಟವ್‌ಗೆ 25,000, ಮೂರು ತಿಂಗಳ ಊಟ ಓಡಾಟಕ್ಕೆ 60,000. ಒಟ್ಟು 2,05,000. ಮನೆ ಬಿಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದೂ ಇದೆ. ಅದನ್ನು ಅಗ್ರಿಮೆಂಟಿನಲ್ಲಿ ಮೊದಲೇ ಬರೆಸಿ, ಇಲ್ಲದಿದ್ದರೆ ಒಂದು ಎರಡಾಗುತ್ತದೆ.

ಇಷ್ಟು ದುಡ್ಡು ಕೈಯಲ್ಲಿ ಇಲ್ಲದವರು ಮೂರು ತಿಂಗಳು ಪಿಜಿಯಲ್ಲಿದ್ದು ಕೂಡಿಸಿಕೊಳ್ಳುವುದು ಒಳ್ಳೆಯದು. ಆಗ ಸಿಂಗಲ್ ರೂಮೇ ತೆಗೆದುಕೊಳ್ಳಿ. ಊಟ ಬಿಟ್ಟು ಕೊಟ್ಟರೆ ಎಷ್ಟು ಎಂದು ಕೇಳಿ, ಆ ಉಳಿತಾಯವನ್ನು ಸಿಂಗಲ್ ರೂಮಿಗೆ ಹಾಕಿ. ‘ಚಿಕ್ಕಪ್ಪನ ಮನೆಯಲ್ಲಿ ಇದ್ದುಬಿಡು’, ‘ನಮ್ಮ ಜನಾಂಗದ ಹಾಸ್ಟೆಲ್ಲಿನಲ್ಲಿ ಸೀಟು ಸಿಗುತ್ತೆ’ ಎಂಬ ಎರಡು ಸಲಹೆ ಮನೆಯಿಂದ ಖಂಡಿತ ಬರುತ್ತವೆ. ಎರಡೂ ಅಗ್ಗ. ಆದರೆ ವಾರ್ಡನ್‌ಗೆ ನಿಮ್ಮ ಅಪ್ಪನ ನಂಬರು ಗೊತ್ತಿರುವ ಕಡೆ ಇದ್ದರೆ ಊರು ಬಿಟ್ಟಂತೆ ಆಗುವುದಿಲ್ಲ. ಲೀಸ್‌ಗೆ, ಅಂದರೆ ಭೋಗ್ಯಕ್ಕೆ, ಲಕ್ಷಗಟ್ಟಲೆ ಇಡುಗಂಟು ಕೊಟ್ಟು ಮನೆ ಹಿಡಿಯುವುದನ್ನು ಮೊದಲ ವರ್ಷ ಮಾಡಲೇಬೇಡಿ. ಓನರ್‌ಗೆ ವಿಷಯ ತಿಳಿದು ‘ನಾಳೆಯೇ ಖಾಲಿ ಮಾಡಿ’ ಎಂದರೆ ಅಷ್ಟು ದುಡ್ಡು ತಿರುಗಿ ಬರುವವರೆಗೆ ನೀವು ಅವರ ಕೈಯಲ್ಲಿರುತ್ತೀರಿ.

ಬಡಾವಣೆ ಆರಿಸುವಾಗ ಮೂರು ಬಗೆಯ ಮನೆಗಳನ್ನು ಹೋಲಿಸಿ. ಓನರ್ ಕೆಳಗೆ, ನೀವು ಮೇಲೆ ಇರುವ ಮನೆ: ಮಲ್ಲೇಶ್ವರ, ಬಸವನಗುಡಿ, ಜಯನಗರದ ಒಳರಸ್ತೆಗಳಲ್ಲಿ ಇದೇ ಹೆಚ್ಚು. ಜಾತಿ, ಊಟ, ‘ಯಾರ‍್ರೀ ರಾತ್ರಿ ಬಂದಿದ್ದು?’ ಎಲ್ಲವೂ ಒಟ್ಟಿಗೆ ಬರುತ್ತವೆ. ಗೇಟು ಇರುವ ದೊಡ್ಡ ಅಪಾರ್ಟ್‌ಮೆಂಟು: ಬಾಡಿಗೆ ಹೆಚ್ಚು, ಓನರ್ ದೂರ, ಆದರೆ ಬಂದುಹೋದವರ ಹೆಸರು, ಹೊತ್ತು ಗೇಟಿನ ಆ್ಯಪಿನಲ್ಲಿ ದಾಖಲಾಗುತ್ತವೆ. ಓನರ್‌ನ ನಂಬರೂ ಆ ಆ್ಯಪಿನಲ್ಲಿ ಉಳಿದಿದ್ದರೆ ಅವರಿಗೂ ಸೂಚನೆ ಹೋಗಬಹುದು, ಸೇರಿದ ದಿನವೇ ಅದನ್ನು ತೆಗೆಸಿ. ಮೂರನೆಯದು ನಾಲ್ಕೈದು ಅಂತಸ್ತಿನ, ಗೇಟಿಲ್ಲದ, ಪ್ರತಿ ಅಂತಸ್ತಿಗೆ ಎರಡು ಮೂರು ಮನೆ ಇರುವ ಬಾಡಿಗೆ ಕಟ್ಟಡ. ಕಮ್ಮನಹಳ್ಳಿ, ಎಚ್‌ಎಸ್‌ಆರ್ ಲೇಔಟ್, ಕೋರಮಂಗಲದ ಕೆಲವು ಬ್ಲಾಕುಗಳಲ್ಲಿ ಇಂಥವು ತುಂಬ ಇವೆ. ಓನರ್ ಬೇರೆ ಕಡೆ ಇದ್ದು ತಿಂಗಳಿಗೊಮ್ಮೆ ಬರುವಂತಿದ್ದರೆ ಹೊಸಬರಿಗೆ ಇದೇ ಎಲ್ಲಕ್ಕಿಂತ ಒಳ್ಳೆಯದು.

ಒಂದು ವಿಷಯ ಬಿಡಿಸಿ ಹೇಳಬೇಕು. ಬೆಂಗಳೂರಿನ ಗೇ ಬದುಕಿನಲ್ಲಿ ಎರಡು ಲೋಕಗಳಿವೆ. ಒಂದು ಇಂಗ್ಲಿಷಿನದು: ಆಫೀಸಿನ ಕ್ವಿಯರ್ (ಗೇ, ಲೆಸ್ಬಿಯನ್, ಟ್ರಾನ್ಸ್ ಮುಂತಾದವರ) ಗುಂಪುಗಳು, ಇಂದಿರಾನಗರದ ಕೆಫೆ, ಬುಕ್ ಕ್ಲಬ್ಬು. ಇನ್ನೊಂದು ಕನ್ನಡದ್ದು. ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಮಾತು ಊರೂರಿನ ಸಂಘಟನೆಯ ಬ್ಯಾನರುಗಳಲ್ಲಿ ನಿಂತದ್ದು ಇಲ್ಲಿ. ಕೋತಿ (ಹೆಣ್ಣಿನ ಹಾವಭಾವದ ಗಂಡು), ಡಬಲ್ ಡೆಕ್ಕರ್ (ಎರಡೂ ಪಾತ್ರ ವಹಿಸುವವನು) ಎಂಬ ಮಾತುಗಳೂ ಇಲ್ಲಿ ಓಡಾಡುತ್ತವೆ. 1999ರಲ್ಲಿ ಶುರುವಾದ ಸಂಗಮ ಸಂಸ್ಥೆ ದುಡಿಯುವ ವರ್ಗದವರ ನಡುವೆ ಕನ್ನಡದಲ್ಲೇ ಕೆಲಸ ಕಟ್ಟಿತು. 1994ರಿಂದ ನಡೆದುಬಂದ ಗುಡ್ ಆ್ಯಸ್ ಯೂ ಮಾತುಕತೆಯ ಗುಂಪು. 2008ರಲ್ಲಿ ಆರಂಭವಾದ ನಮ್ಮ ಪ್ರೈಡ್‌ನಲ್ಲಿ ಈ ಎರಡೂ ಲೋಕ ಒಂದೇ ರಸ್ತೆಯಲ್ಲಿ ನಡೆಯುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಇಂಗ್ಲಿಷ್ ಕೂಟವೊಂದಕ್ಕೆ ಹೋಗಿ, ಮೂಲೆಯಲ್ಲಿ ಕೂತು, ‘ಇದು ನನ್ನ ಜಾಗ ಅಲ್ಲ’ ಎಂದು ವಾಪಸಾಗುವುದು ತೀರಾ ಸಾಮಾನ್ಯ. ಅವನು ನೋಡಿದ್ದು ಒಂದು ಲೋಕ ಮಾತ್ರ. ಇನ್ನೊಂದನ್ನೂ ನೋಡಿಯೇ ತೀರ್ಮಾನಿಸಬೇಕು.

ನೆಂಟರ ಲೆಕ್ಕದಲ್ಲಿ ಬೆಂಗಳೂರಿಗೆ ಕಡಿಮೆ ಅಂಕ. ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಅಮ್ಮ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ನಿಮ್ಮ ಬಾಗಿಲಲ್ಲಿ. ಹೇಳದೆ ಬರುವುದು ನಮ್ಮ ಕಡೆ ಪ್ರೀತಿಯ ಲಕ್ಷಣ ಬೇರೆ. ಸಂಗಾತಿಯ ಜೊತೆ ಇರುವವರು ಎರಡು ಕೋಣೆಯ ಮನೆಯನ್ನೇ ಹಿಡಿದು, ಎರಡೂ ಕೋಣೆಯಲ್ಲಿ ಹಾಸಿಗೆ ಇಡುವುದು ಇದಕ್ಕಾಗಿಯೇ. ಮನೆಯವರಿಗೆ ಹೇಳುವ ದಿನ ಬರುವವರೆಗೆ ಇದು ಅಗತ್ಯದ ಖರ್ಚು.

ಮುಂಬೈ: ದೂರ ಇದೆ, ಆದರೆ ಕರಾವಳಿಯವರಿಗೆ ಅಷ್ಟು ದೂರವಲ್ಲ

ಮುಂಬೈಯಲ್ಲಿ ಅಡ್ವಾನ್ಸು ಕಡಿಮೆ, ಬಾಡಿಗೆ ಜಾಸ್ತಿ. ದೂರದ ಉಪನಗರದ ಒನ್ ಆರ್‌ಕೆಗೆ (ಒಂದು ಕೋಣೆ, ಒಂದು ಅಡುಗೆಮನೆ) 25,000 ಎಂದಿಟ್ಟರೆ, ಮೂರು ತಿಂಗಳ ಡಿಪಾಸಿಟ್ 75,000, ಬ್ರೋಕರ್ 25,000, ಮೊದಲ ತಿಂಗಳು 25,000, ಸಾಮಾನು 25,000, ಮೂರು ತಿಂಗಳ ಖರ್ಚು 60,000. ಒಟ್ಟು 2,10,000. ಮೊದಲ ದಿನದ ಖರ್ಚು ಬೆಂಗಳೂರಿನಷ್ಟೇ ಆಯಿತು. ವ್ಯತ್ಯಾಸ ತಿಳಿಯುವುದು ಎರಡನೆಯ ತಿಂಗಳಿಂದ: ಪ್ರತಿ ತಿಂಗಳೂ 10,000 ಹೆಚ್ಚು ಹೋಗುತ್ತದೆ, ಮತ್ತು ಅದು ಅಡ್ವಾನ್ಸಿನ ಹಾಗೆ ತಿರುಗಿ ಬರುವ ದುಡ್ಡಲ್ಲ. ಕೈಗೆ 45,000ಕ್ಕಿಂತ ಕಡಿಮೆ ಸಂಬಳ ಬರುವವರು ಮುಂಬೈಯಲ್ಲಿ ಒಬ್ಬರೇ ಒಂದು ಕೋಣೆ ಹಿಡಿಯುವ ಯೋಚನೆ ಬಿಡುವುದು ಒಳ್ಳೆಯದು. ಕೋಣೆ ಹಂಚಿಕೊಳ್ಳುವುದೇ ಆದರೆ ಗೇ ಗೆಳೆಯರ ಜೊತೆಯೇ ಹಂಚಿಕೊಳ್ಳಿ. ಕ್ವಿಯರ್ ಬಾಡಿಗೆ ಗುಂಪುಗಳು ಈ ಊರಿನಲ್ಲಿ ಚುರುಕಾಗಿವೆ.

ಅಗ್ರಿಮೆಂಟಿನ ವಿಷಯದಲ್ಲಿ ಮುಂಬೈ ಮೇಲು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಲೀವ್ ಆ್ಯಂಡ್ ಲೈಸೆನ್ಸ್ ಎನ್ನುವ ಅಲ್ಲಿನ ಬಾಡಿಗೆ ಕರಾರು ಬರವಣಿಗೆಯಲ್ಲಿದ್ದು ನೋಂದಣಿ ಆಗಲೇಬೇಕು. ನೋಂದಣಿಯಾಗಿರದಿದ್ದರೆ, ತಕರಾರು ಬಂದಾಗ ಬಾಡಿಗೆದಾರ ಹೇಳಿದ ಷರತ್ತುಗಳೇ ನಿಜವೆಂದು ಕಾನೂನು ಮೊದಲು ಊಹಿಸುತ್ತದೆ. ಬೆಂಗಳೂರಿನಲ್ಲಿ ಸ್ಟ್ಯಾಂಪ್ ಪೇಪರಿನ ಮೇಲೆ 11 ತಿಂಗಳಿಗೆ ಬರೆದು ಮುಗಿಸುತ್ತಾರೆ, ಏಕೆಂದರೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯ. ಮುಂಬೈಯಲ್ಲಿ ತೊಂದರೆ ಬರುವುದು ಹೌಸಿಂಗ್ ಸೊಸೈಟಿಯಿಂದ. ಓನರ್ ಒಪ್ಪಿದರೂ ಸೊಸೈಟಿಯ ಕಮಿಟಿ ‘ಬ್ಯಾಚುಲರ್ ಬೇಡ’ ಎನ್ನಬಹುದು. ಟೋಕನ್ ಹಣ ಕೊಡುವ ಮುಂಚೆ ‘ಸೊಸೈಟಿ ಎನ್‌ಒಸಿ (ಒಪ್ಪಿಗೆ ಪತ್ರ) ಯಾರ ಜವಾಬ್ದಾರಿ, ಸಿಗದಿದ್ದರೆ ಟೋಕನ್ ವಾಪಸ್ಸೇ?’ ಎಂದು ವಾಟ್ಸಾಪಿನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ.

ಬೆಂಬಲದಲ್ಲಿ ಮುಂಬೈ ಎಲ್ಲರಿಗಿಂತ ಹಳೆಯದು. ಪತ್ರಕರ್ತ ಅಶೋಕ್ ರಾವ್ ಕವಿ 1990ರಲ್ಲಿ ‘ಬಾಂಬೆ ದೋಸ್ತ್’ ಎಂಬ ಗೇ ಪತ್ರಿಕೆ ಶುರು ಮಾಡಿದರು. 1994ರಲ್ಲಿ ಬಂದ ಹಮ್‌ಸಫರ್ ಟ್ರಸ್ಟ್ ಇಂದಿಗೂ ಆಪ್ತಸಲಹೆ ಮತ್ತು ಲೈಂಗಿಕ ಆರೋಗ್ಯದ ಕೆಲಸ ನಡೆಸುತ್ತಿದೆ. ಹೆಣ್ಣುಮಕ್ಕಳಿಗೆ ಲೇಬಿಯಾ ಎಂಬ ಗುಂಪು ಇದೆ. 2010ರಿಂದ ಕಶಿಶ್ ಎಂಬ ಕ್ವಿಯರ್ ಚಿತ್ರೋತ್ಸವ ನಡೆಯುತ್ತಿದೆ. ಹಿಂದಿ ಸುಮಾರಾಗಿ ಬಂದರೂ ಸಾಕು, ಇಂಗ್ಲಿಷ್ ಇಲ್ಲದವರೂ ಇಲ್ಲಿ ಮಾತಿಗೆ ಸೇರಿಕೊಳ್ಳಬಹುದು. ಈ ಒಂದು ಕಾರಣಕ್ಕೇ ಉತ್ತರ ಕರ್ನಾಟಕದ ಕೆಲವರಿಗೆ ಬೆಂಗಳೂರಿನ ಇಂಗ್ಲಿಷ್ ಕೂಟಗಳಿಗಿಂತ ಮುಂಬೈ ಹತ್ತಿರವೆನಿಸುತ್ತದೆ.

ಉಡುಪಿ, ಮಂಗಳೂರು ಕಡೆಯವರಿಗೆ ಮಾತ್ರ ಒಂದು ಎಚ್ಚರಿಕೆ. ಊರಿನ ಅರ್ಧ ಜನ ಅಲ್ಲಿದ್ದಾರೆ. ಹೋಟೆಲಿನ ಗಲ್ಲಾದಲ್ಲಿ, ಬ್ಯಾಂಕಿನಲ್ಲಿ, ಮಾಟುಂಗದ ಮಾರ್ಕೆಟ್ಟಿನಲ್ಲಿ, ಸಂಘದ ಕಾರ್ಯಕ್ರಮದಲ್ಲಿ ‘ನೀನು ಇಂಥವರ ಮಗ ಅಲ್ವಾ?’ ಎನ್ನುವವರು ಸಿಗುತ್ತಾರೆ. ಗುಟ್ಟು ಕಾಪಾಡಿಕೊಳ್ಳಬೇಕಾದವರು ಮಾಟುಂಗ, ಕುರ್ಲಾ, ಸಾಂತಾಕ್ರೂಜ್ ಕಡೆ ನೆಂಟರಿದ್ದಾರೆಯೇ ಎಂದು ಮೊದಲು ಪಟ್ಟಿ ಮಾಡಿ. ಇದ್ದರೆ ರೈಲಿನ ಬೇರೆ ಲೈನಿನಲ್ಲಿ ಮನೆ ಹಿಡಿಯಿರಿ. ಪಶ್ಚಿಮ ಲೈನಿನವರು ಮಧ್ಯ ಲೈನಿಗೆ ಕೆಲಸವಿಲ್ಲದೆ ಬರುವುದು ಕಡಿಮೆ. ಕೊಪ್ಪಳ, ರಾಯಚೂರಿನವರಿಗೆ ಈ ತಾಪತ್ರಯ ಹೆಚ್ಚಿಲ್ಲ.

ಚೆನ್ನೈ: ಹೊರಗೆ ಸಂಪ್ರದಾಯ, ಕಾನೂನಿನಲ್ಲಿ ಮುಂದೆ

ಕನ್ನಡಿಗರು ಚೆನ್ನೈಯನ್ನು ಈ ದೃಷ್ಟಿಯಿಂದ ನೋಡುವುದೇ ಇಲ್ಲ, ಅದು ತಪ್ಪು. 2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಮನೆ ಬಿಟ್ಟು ಬಂದ ಇಬ್ಬರು ಹೆಣ್ಣುಮಕ್ಕಳ ಪ್ರಕರಣದಲ್ಲಿ ಪೊಲೀಸರಿಗೆ ಸ್ಪಷ್ಟ ನಿರ್ದೇಶನ ಕೊಟ್ಟರು: ಕಾಣೆಯಾದ ದೂರು ಬಂದು, ಸಿಕ್ಕವರು ಸಮ್ಮತಿಯಿಂದ ಜೊತೆಗಿರುವ ವಯಸ್ಕರೆಂದು ತಿಳಿದರೆ ಹೇಳಿಕೆ ಪಡೆದು ದೂರು ಮುಗಿಸಬೇಕು, ಕಿರುಕುಳ ಕೊಡಕೂಡದು. 2022ರಲ್ಲಿ ತಮಿಳುನಾಡು ತನ್ನ ಪೊಲೀಸ್ ನಡತೆಯ ನಿಯಮಗಳಿಗೇ ಇದನ್ನು ಸೇರಿಸಿತು. 2025ರ ಮೇ ತಿಂಗಳಲ್ಲಿ ಅದೇ ಹೈಕೋರ್ಟು ‘ಆಯ್ದುಕೊಂಡ ಕುಟುಂಬ’ (ರಕ್ತಸಂಬಂಧ, ಮದುವೆ ಇಲ್ಲದೆಯೂ ತಾವೇ ಕಟ್ಟಿಕೊಂಡದ್ದು) ಎಂಬ ಕಲ್ಪನೆಗೆ ಮನ್ನಣೆ ಕೊಟ್ಟಿತು. ಮನೆಯವರು ಪೊಲೀಸರನ್ನು ಕರೆತರುವ ಸಾಧ್ಯತೆ ನಿಜಕ್ಕೂ ಇರುವವರು ಚೆನ್ನೈಗೆ ಹೆಚ್ಚು ತೂಕ ಕೊಡಬೇಕು.

ಬಾಡಿಗೆಗೆ 2017ರ ಕಾಯ್ದೆ ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಮೂರು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ಆ ‘ಬೇರೆ ಒಪ್ಪಂದ’ದ ಬಾಗಿಲಿನಿಂದಲೇ ಹೆಚ್ಚು ಕೇಳುವವರಿದ್ದಾರೆ, ಆದರೂ ಚೌಕಾಸಿಗೆ ನಿಮ್ಮ ಕೈಯಲ್ಲಿ ಕಾನೂನು ಇರುತ್ತದೆ. ಸಹೋದರನ್, ಓರಿನಂ ಎಂಬ ಸಂಘಟನೆಗಳು ಬಹುಕಾಲದಿಂದ ಕೆಲಸ ಮಾಡುತ್ತಿವೆ. ತಮಿಳು ಕಲಿಯಲೇಬೇಕು, ಕನ್ನಡದವರಿಗೆ ಆರು ತಿಂಗಳು ಸಾಕು. ಹೆಚ್ಚಿನ ಕನ್ನಡಿಗರಿಗೆ ಅಲ್ಲಿ ಗುರುತಿನವರು ಕಡಿಮೆ. ಊರಿನ ಕಣ್ಣು ತಪ್ಪಿಸಬೇಕಾದವರಿಗೆ ಮೂರರಲ್ಲಿ ಇದೇ ಮೇಲು. ರಾತ್ರಿಜೀವನ, ತೆರೆದ ಕೂಟಗಳನ್ನು ಹುಡುಕುವವರಿಗೆ ಸಪ್ಪೆ ಎನಿಸಬಹುದು.

ಉಳಿದವು ಬೇಗ ಹೇಳುವಂಥವು. ಬೆಳಗಾವಿ, ವಿಜಯಪುರದವರಿಗೆ ಪುಣೆ ಒಳ್ಳೆಯದು: ಮುಂಬೈಗಿಂತ ಬಾಡಿಗೆ ಕಡಿಮೆ, ಬಿಂದುಮಾಧವ ಖಿರೆ ಸಮಪಥಿಕ್ ಟ್ರಸ್ಟ್ ಎಂಬ ಬೆಂಬಲ ಸಂಸ್ಥೆ ಕಟ್ಟಿದ್ದು ಇಲ್ಲೇ, ಮರಾಠಿ ಬಂದರೆ ಇನ್ನೂ ಸುಲಭ. ಕಲಬುರಗಿ, ಬೀದರಿನವರಿಗೆ ಹೈದರಾಬಾದ್ ಹತ್ತಿರ, ಮನೆ ಸಿಗುವುದೂ ಸುಲಭ. ಆದರೆ ಹತ್ತಿರ ಎಂದರೆ ನೆಂಟರಿಗೂ ಹತ್ತಿರ. ಮೈಸೂರು, ಮಂಗಳೂರು ಬಾಳಲು ಚೆಂದದ ಊರುಗಳು, ಒಬ್ಬರೇ ಇದ್ದು ಕೆಲಸ ಮಾಡುವವರಿಗೆ ತೊಂದರೆಯಿಲ್ಲ. ಸಂಗಾತಿಯ ಹುಡುಕಾಟದಲ್ಲಿರುವವರು ಮಾತ್ರ ಮೂರೇ ತಿಂಗಳಲ್ಲಿ ಆ್ಯಪಿನಲ್ಲಿ ಅದೇ ಮುಖಗಳನ್ನು ಮತ್ತೆ ಮತ್ತೆ ನೋಡುತ್ತಾರೆ.

ಆಸ್ಪತ್ರೆ, ಮಾತ್ರೆ

ಈ ವಿಷಯದಲ್ಲಿ ಊರುಗಳ ನಡುವೆ ಅಂತರ ಕಡಿಮೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ) ಎಚ್‌ಐವಿ ಪರೀಕ್ಷೆ ಎಲ್ಲೆಡೆ ಉಚಿತ. 1097ಕ್ಕೆ ಕರೆ ಮಾಡಿದರೆ ಹತ್ತಿರದ ಕೇಂದ್ರ ತಿಳಿಯುತ್ತದೆ. ಈಗಾಗಲೇ ಎಆರ್‌ಟಿ ಮಾತ್ರೆ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ತೆಗೆದುಕೊಳ್ಳುತ್ತಿರುವವರು ಹೊರಡುವ ಮುಂಚೆ ಹಳೆಯ ಕೇಂದ್ರದಿಂದ ಟ್ರಾನ್ಸ್‌ಫರ್ ಪತ್ರವನ್ನೂ ಕನಿಷ್ಠ ಒಂದು ತಿಂಗಳ ಮಾತ್ರೆಯನ್ನೂ ಪಡೆಯಿರಿ. ಪತ್ರವಿಲ್ಲದೆ ಹೋದರೆ ಹೊಸ ಕೇಂದ್ರದಲ್ಲಿ ದಾಖಲೆ ಹುಡುಕುವಷ್ಟರಲ್ಲಿ ಮಾತ್ರೆ ತಪ್ಪುತ್ತದೆ, ತಪ್ಪಿದರೆ ವೈರಸ್ ಮತ್ತೆ ತಲೆ ಎತ್ತುತ್ತದೆ. ಬೆಂಗಳೂರಿನಲ್ಲಿ ಬೌರಿಂಗ್, ಚೆನ್ನೈಯಲ್ಲಿ ತಾಂಬರಂ ಆಸ್ಪತ್ರೆಯ ಕೇಂದ್ರಗಳು ಹಳೆಯವು. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ, ಅದರ ಕಾರಣಕ್ಕೆ ಬಾಡಿಗೆ ಮನೆ ಬಿಡಿಸುವಂತೆಯೂ ಇಲ್ಲ.

ಸೋಂಕಿನ ಭಯವಿರುವ ಸಂಪರ್ಕ ಆಗಿದ್ದರೆ 72 ಗಂಟೆಯೊಳಗೆ ಪಿಇಪಿ, ಅಂದರೆ ಸೋಂಕು ನೆಲೆಯೂರದಂತೆ ತಡೆಯುವ ಮಾತ್ರೆ, ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಮುಂಚಿತವಾಗಿ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಗೆ ವೈದ್ಯರ ಚೀಟಿ ಬೇಕು. ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ, ಕ್ರಿಯಾಟಿನಿನ್ ಪರೀಕ್ಷೆ ಆಗಲೇಬೇಕು. ಗೊತ್ತಿಲ್ಲದೆ ಎಚ್‌ಐವಿ ಇದ್ದು ಪ್ರೆಪ್ ನುಂಗಿದರೆ ವೈರಸ್ ಔಷಧಕ್ಕೆ ಬಗ್ಗದಂತಾಗಬಹುದು. ಸಲಿಂಗಪ್ರೀತಿಯನ್ನು ‘ಸರಿ ಮಾಡುತ್ತೇವೆ’ ಎನ್ನುವ ವೈದ್ಯರು ಯಾವ ಊರಲ್ಲಿ ಸಿಕ್ಕರೂ ಎದ್ದು ಬನ್ನಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಅದನ್ನು ವೃತ್ತಿ ದುರ್ನಡತೆ ಎಂದಿದೆ.

ಆ್ಯಪಿನಲ್ಲಿ ಪರಿಚಯವಾದವರು

ಹೊಸ ಊರಿನ ಮೊದಲ ತಿಂಗಳಲ್ಲೇ ಹೆಚ್ಚು ಜನ ಮೋಸ ಹೋಗುವುದು, ಏಕೆಂದರೆ ಒಂಟಿತನ ಇರುತ್ತದೆ, ರಸ್ತೆ ಗೊತ್ತಿರುವುದಿಲ್ಲ. ಮನೆಗೆ ಕರೆಸಿ, ನಡುವೆ ಇಬ್ಬರು ಮೂವರು ನುಗ್ಗಿ, ವಿಡಿಯೋ ತೆಗೆದು, ಯುಪಿಐಯಲ್ಲಿ ದುಡ್ಡು ಹಾಕಿಸಿಕೊಳ್ಳುವುದು ಎಲ್ಲ ಊರಲ್ಲೂ ಒಂದೇ ಮಾದರಿ. ಮೊದಲು ವಿಡಿಯೋ ಕಾಲ್, ಆಮೇಲೆ ಜನ ಇರುವ ಕಡೆ ಕಾಫಿ. ಯುಪಿಐಯ ದಿನದ ಮಿತಿಯನ್ನು 5,000ಕ್ಕೆ ಇಳಿಸಿ, ಸಂಬಳ ಬೀಳುವ ಖಾತೆಯನ್ನು ಆ ಫೋನಿನಲ್ಲಿ ಇಡಬೇಡಿ. ಸಿಕ್ಕಿಬಿದ್ದರೆ ಆ ಕ್ಷಣ ಜೀವ ಮುಖ್ಯ, ಕೇಳಿದ್ದು ಕೊಟ್ಟು ಹೊರಗೆ ಬನ್ನಿ. ಬಂದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಕಡಿಮೆ. ಇದು ನ್ಯಾಯ ಸಂಹಿತೆಯ 308ನೇ ಸೆಕ್ಷನ್ನಿನ ಸುಲಿಗೆ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಕೊಡಬಹುದು. ಒಬ್ಬರೇ ಹೋಗದೆ ಸಂಘದ ಕಾರ್ಯಕರ್ತರನ್ನೋ ವಕೀಲರನ್ನೋ ಕರೆದುಕೊಂಡು ಹೋದರೆ ಪೊಲೀಸರ ಮಾತಿನ ಧಾಟಿಯೇ ಬದಲಾಗುತ್ತದೆ. ಉಚಿತ ಕಾನೂನು ನೆರವಿಗೆ 15100. ಎರಡನೇ ಸಲ ದುಡ್ಡು ಕೇಳಿದರೆ ಕೊಡಲೇಬೇಡಿ, ಅಲ್ಲಿಗೆ ಅದು ತಿಂಗಳ ಕಂತಾಗುತ್ತದೆ.

ಹೊರಡುವ ಮುಂಚೆ, ಮನೆಯಲ್ಲಿ ಹೇಳುವ ಮುಂಚೆ

ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಅಂಕಪಟ್ಟಿ, ಪಾಸ್‌ಪೋರ್ಟ್, ಜಾತಿ ಪ್ರಮಾಣಪತ್ರ ಇವುಗಳ ಮೂಲಪ್ರತಿ ನಿಮ್ಮ ಕೈಯಲ್ಲಿರಲಿ, ಪ್ರತಿ ಡಿಜಿಲಾಕರ್‌ನಲ್ಲಿರಲಿ. ಜಗಳವಾದಾಗ ಮೊದಲು ಬೀರುವಿನೊಳಗೆ ಬೀಗ ಬೀಳುವುದು ಇವಕ್ಕೇ. ಬ್ಯಾಂಕ್ ಖಾತೆಗೆ ಅಪ್ಪನ ಮೊಬೈಲ್ ನಂಬರಿದ್ದರೆ ಬದಲಿಸಿ, ಇಲ್ಲದಿದ್ದರೆ ಪ್ರೆಪ್ ಕೊಂಡ ಮೆಡಿಕಲ್ ಶಾಪಿನ ಹೆಸರು ಅವರಿಗೆ ಮೆಸೇಜಾಗಿ ಹೋಗುತ್ತದೆ. ಮನೆಯವರ ಗೂಗಲ್ ಖಾತೆಯಿಂದ ಹೊರಬನ್ನಿ, ಲೊಕೇಶನ್ ಹಂಚಿಕೆ ನಿಲ್ಲಿಸಿ. ‘ಮಗ ಕಾಣೆಯಾಗಿದ್ದಾನೆ’ ಎಂದು ದೂರು ಹೋಗುವ ಸಂಭವವಿದ್ದರೆ, ನಿಮ್ಮ ವಯಸ್ಸು, ಸ್ವಂತ ಇಚ್ಛೆಯಿಂದ ಹೊರಟದ್ದು, ಸಂಪರ್ಕದ ನಂಬರು ಬರೆದ ಒಂದು ಪುಟದ ಪತ್ರವನ್ನು ಊರಿನ ಠಾಣೆಗೂ ಹೊಸ ಊರಿನ ಠಾಣೆಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹುಡುಗಿಯರಿಗೆ ಈ ಪತ್ರ ಇನ್ನೂ ಮುಖ್ಯ, ಅವರ ಮೇಲೆಯೇ ಇಂಥ ದೂರು ಹೆಚ್ಚು ಬೀಳುತ್ತದೆ.

ಜೋಡಿಯಾಗಿ ಹೋಗುವವರು ಬಾಡಿಗೆ ಅಗ್ರಿಮೆಂಟಿನಲ್ಲಿ ಇಬ್ಬರ ಹೆಸರನ್ನೂ ಬಾಡಿಗೆದಾರರೆಂದು ಬರೆಸಿ. ಒಬ್ಬರ ಹೆಸರಷ್ಟೇ ಇದ್ದು ಅವರಿಗೇನಾದರೂ ಆದರೆ ಅಡ್ವಾನ್ಸು ಊರಿನಿಂದ ಬಂದ ಅಣ್ಣನ ಕೈಗೆ ಹೋಗುತ್ತದೆ, ಇನ್ನೊಬ್ಬರು ಬೀದಿಗೆ. 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಇಲಾಖೆ ಕ್ವಿಯರ್ ಜೋಡಿಗಳು ಜಂಟಿ ಖಾತೆ ತೆರೆಯಲು, ಪರಸ್ಪರ ನಾಮಿನಿ ಮಾಡಿಕೊಳ್ಳಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿದೆ. ಶಾಖೆಯವರು ತಕರಾರು ತೆಗೆದರೆ ಆ ಸುತ್ತೋಲೆ ತೋರಿಸಿ. ನಾಮಿನಿಗೆ ಹಣ ಕೈಗೆ ಸಿಗುತ್ತದೆಯೇ ಹೊರತು ಅದರ ಒಡೆತನ ತಾನಾಗಿ ಬರುವುದಿಲ್ಲ. ಅದಕ್ಕೆ ವಿಲ್ ಬೇಕು. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಅವರ ಸಹಿಯನ್ನೂ ಪಡೆದರೆ ಸಾಕು, ನೋಂದಣಿ ಕಡ್ಡಾಯವಲ್ಲ. ಸಾಕ್ಷಿಯಾಗಿ ಸಂಗಾತಿಯನ್ನೇ ನಿಲ್ಲಿಸಬೇಡಿ.

ಕೊನೆಯದಾಗಿ, ಆರಿಸಿದ ಊರಿನಲ್ಲಿ ಹತ್ತು ದಿನ ಇದ್ದು ನೋಡದೆ ಅಡ್ವಾನ್ಸ್ ಕೊಡಬೇಡಿ. ಮನೆ ನೋಡಿದ ಬಡಾವಣೆಯಿಂದ ಆಫೀಸಿಗೆ ಬೆಳಿಗ್ಗೆ 9ಕ್ಕೊಮ್ಮೆ, ರಾತ್ರಿ 11ಕ್ಕೊಮ್ಮೆ ಓಡಾಡಿ. ಓನರ್‌ನ ಮನೆಗೆ ಸಂಜೆ ಹೋಗಿ, ಆಗ ಮನೆಯವರೆಲ್ಲ ಇರುತ್ತಾರೆ, ಯಾರ ಮಾತು ನಡೆಯುತ್ತದೆಂದು ತಿಳಿಯುತ್ತದೆ. ‘ಫ್ರೆಂಡ್ಸ್ ಬಂದರೆ ರಾತ್ರಿ ಉಳಿಯಬಹುದಾ?’ ಎಂದು ನೇರವಾಗಿ ಕೇಳಿ. ಉತ್ತರ ಕೊಡುವ ಮುಂಚೆ ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆಂದು ಗಮನಿಸಿ. ಆಮೇಲೆ ಮೇಲಿನ ಮನೆಯ ಕೋಣೆಗೆ ಹೋಗಿ, ಒಳಗಿನ ಚಿಲಕ ಒಮ್ಮೆ ಹಾಕಿ ನೋಡಿ.